ತಿರುಪಣ್ಣನ ಎಡಗಣ್ಣು

ನುಸಿಯೊಂದು ಎಡಗಣ್ಣಿಗೆ ಬಿದ್ದದ್ದೇ ನೆಪ, ತಿರುಪಣ್ಣ ಹಿಂದುಮುಂದು ನೋಡದೆ ಕಣ್ಣುಜ್ಜಿಕೊಂಡ. ಖಾರದ ಸಾಸಿನ ಬಾಟಲಿಗಳಿಗೆ ಮುಚ್ಚಳ ತಿರುಪಿ ತಿರುಪಿಯೇ ತಿರುಪಣ್ಣನಾದವನು ಅವನು. ಉಜ್ಜಿದ್ದು ಅದೇ ಕೈ. ಅಂದು ತುಂಬಿಸುತ್ತಿದ್ದದ್ದು ಕಾರ್ಖಾನೆಯಲ್ಲೇ ಅತಿ ಉಗ್ರವಾದ ಮೆಣಸಿನಕಾಯಿಯ ಸಾಸು.

"ಅಯ್ಯಯ್ಯೋ, ಸತ್ನಪ್ಪೋ!"

ಅವನು ಕುಣಿದ ರಭಸಕ್ಕೆ ಬಾಣಲೆಗೆ ಬಿದ್ದ ಜೋಳದ ಕಾಳೂ ನಾಚಬೇಕಿತ್ತು. ಆದರೆ ಕುಣಿಯುವ ಹೊತ್ತೇ ಅದು? ಬರಿಗೈಯಲ್ಲಿ ದುಡಿದು ಬೆರಳು ಸುಟ್ಟುಕೊಂಡವರೆಲ್ಲ ಸೇರಿ, ಕೈಗವಸು ಕೇಳಲು ಅವನನ್ನೇ ಮುಂದಾಳು ಮಾಡಿದ್ದರು. ಮಾಲೀಕ ಇನ್ನೇನು ಬರುವವನಿದ್ದ.

"ನೀರು ಹಾಕ್ರೋ!" ಎಂದ ಬಾಟಲಿಗೆ ಚೀಟಿ ಅಂಟಿಸುವ ಲೇಬಲಿನವನು.

"ನೀರು ಹಾಕಿದ್ರೆ ಉರಿ ಮುಖವೆಲ್ಲ ಹರಡತ್ತೆ, ಪೆದ್ದ!" ಎನ್ನುತ್ತ ಮೆಣಸು ರುಬ್ಬುವ ಅಕ್ಕ ಟೀಗೆ ಇಟ್ಟಿದ್ದ ಹಾಲನ್ನೆಲ್ಲ ಅವನ ಮುಖಕ್ಕೆ ಸುರಿದಳು. ಒರೆಸಿಕೊಳ್ಳಲು ಲೇಬಲಿನವನು ಬಟ್ಟೆ ಕೊಟ್ಟ. ಅದು ಸಾಸು ಸುರಿಯುವ ಯಂತ್ರದ ಮೂತಿ ಒರೆಸುವ ಬಟ್ಟೆ! ಬಲಗಣ್ಣೂ ಹೊತ್ತಿಕೊಂಡಿತು.

"ಉಪಕಾರ ಮಾಡ್ತಿದೀರೋ, ಒಗ್ಗರಣೆ ಹಾಕ್ತಿದೀರೋ?" ಎಂದು ತಿರುಪಣ್ಣ ಅರಚುವಷ್ಟರಲ್ಲಿ ಬಾಗಿಲು ತೆರೆಯಿತು. ಮುಂದೆ ಮಾಲೀಕ, ಹಿಂದೆ ಕೋಟು ತೊಟ್ಟ ಸಗಟು ವ್ಯಾಪಾರಿ.

"ಹೋಗಣ್ಣ, ಈಗ್ಲೇ ಕೇಳು! ನಾವಿದೀವಿ ನಿನ್ ಹಿಂದೆ," ಎಂದು ಅಕ್ಕ ನೂಕಿದಳು. ಹಿಂದೆ ಇದ್ದವರು ನಿಜಕ್ಕೂ ಬಹಳ ಹಿಂದೆ ಇದ್ದರು.

ಕಣ್ಣು ಕಾಣದ ತಿರುಪಣ್ಣ ವ್ಯಾಪಾರಿಯ ಕೋಟನ್ನೇ ಹಿಡಿದು ಗದರಿದ: "ಧಣಿ, ಈ ಬಾಟ್ಲಿಯಲ್ಲಿ ಎಷ್ಟು ಜನರ ಕಣ್ಣೀರಿದೆ ಗೊತ್ತಾ? ಬರೀ ಮುಚ್ಚಳ ಮುಟ್ಟಿದ್ದಕ್ಕೇ ನನ್ನ ಗತಿ ನೋಡಿ! ಗ್ಲೌಸು ಕೊಡೋವರ್ಗೂ ಇಲ್ಲಿ ಒಂದು ಮುಚ್ಚಳಾನೂ ತಿರುಗಲ್ಲ!"

ಮಾಲೀಕನ ಮುಖ ಹಣ್ಣು ಮೆಣಸಿನಕಾಯಿಯಾಯಿತು. ವ್ಯಾಪಾರಿಯ ಮುಖ ಮಾತ್ರ ಅರಳಿತು.

"ಮುಚ್ಚಳ ಮುಟ್ಟಿದ್ದಕ್ಕೇನಾ? ತಿನ್ನದೇನೇ ಹಿಂಗಾ? ಎಷ್ಟು ಮಾಲಿದೆಯೋ ಅಷ್ಟೂ ನಂಗೇ ಕೊಡ್ರೀ!"

ಮಾಲೀಕ ಒಡನೆ ತಂಪಾದ. ತನ್ನ ಕೋಣೆಯ ಕಪಾಟು ತೆಗೆಸಿದ. ಒಳಗೆ ಪೆಟ್ಟಿಗೆ ಪೆಟ್ಟಿಗೆ ಕೈಗವಸು: ಕಾರ್ಖಾನೆ ನೋಡಲು ಬರುವ ದೊಡ್ಡವರ ಕೈ ಮಾಸಬಾರದೆಂದು ಇಟ್ಟದ್ದು!

"ತಗೊಳ್ರಪ್ಪ, ಎಲ್ಲಾರೂ ಹಾಕ್ಕೊಳ್ಳಿ!"

ಗೆದ್ದೆವು ಎಂದು ಕೊಠಡಿಗೆ ಕೊಠಡಿಯೇ ಕುಣಿದಾಡಿತು. ತಿರುಪಣ್ಣನೂ ಕೈ ಚಾಚಿದ. ಮಾಲೀಕ ಆ ಕೈಯನ್ನು ಬಲು ಅಕ್ಕರೆಯಿಂದ ಕೆಳಗಿಳಿಸಿದ.

"ನಿಂಗ್ಯಾಕಪ್ಪ ಗ್ಲೌಸು? ನಾಳೆಯಿಂದ ಇವ್ರ ಅಂಗಡಿ ಬಾಗಿಲಲ್ಲಿ ನಿಂತ್ಕೋ. ಗಿರಾಕಿ ಬಂದಾಗೆಲ್ಲ ಒಂದ್ಸಲ ಮುಚ್ಚಳ ತಿರುಪು, ಒಂದ್ಸಲ ಕಣ್ಣುಜ್ಜು."

ತಿರುಪಣ್ಣ ಬಾಯಿ ತೆರೆದ. ಅವನ ಮಾತು ಹೊರಡುವ ಮೊದಲೇ, "ನಮ್ಮ ಮುಂದಾಳಿಗೆ ಜಯವಾಗಲಿ!" ಎಂದು ಲೇಬಲಿನವನು ಕೂಗಿದ, ಹೊಸ ಕೈಗವಸುಗಳೆಲ್ಲ ಧಬಧಬನೆ ಚಪ್ಪಾಳೆ ತಟ್ಟಿದವು.