ನೀಲಿ ಕಾರ್ಡೂ ನಮ್ಮ ಅತ್ತೆಯವರೂ

ನಮ್ಮ ಅತ್ತೆ ಸರೋಜಮ್ಮನವರು ಮೈಸೂರಿನಿಂದ ಸಿಂಗಪುರಕ್ಕೆ ಬಂದಿಳಿದ ದಿನವೇ ನಾನು ಅವರಿಗೆ ಒಂದು ಗೀತೋಪದೇಶ ಮಾಡಿದ್ದೆ.

"ಅತ್ತೆ, ಇದು ಹೊಸ ದೇಶ. ಭಾಷೆ ಬರಲ್ಲ, ಒಬ್ಬರೇ ಕೆಳಗೆ ಇಳೀಬೇಡಿ. ಪಾಸ್‌ಪೋರ್ಟ್ ನನ್ನ ಕೈಲಿ ಕೊಟ್ಟುಬಿಡಿ. ನೀವು ಎಲ್ಲಾದ್ರೂ ಬೀಳಿಸ್ಕೊಂಡ್ರೆ ಆಮೇಲೆ ಪಜೀತಿ."

"ಆಗಲಿ ಅಳಿಯಂದಿರೇ" ಅಂತ ಅವರು ಪಾಸ್‌ಪೋರ್ಟು ಕೊಟ್ಟರು. ತಿಂಗಳು ತುಂಬುವ ಮೊದಲೇ ನನ್ನ ನೀಲಿ ಕಾರ್ಡು ಕಳೆದುಹೋಯಿತು.

ಇಲ್ಲಿನ ಪ್ರಜೆಗಳ ಗುರುತಿನ ಕಾರ್ಡು ಗುಲಾಬಿ ಬಣ್ಣ, ನಮ್ಮಂಥ ಖಾಯಂ ನಿವಾಸಿಗಳದ್ದು ನೀಲಿ. ಖಾಯಂ! (ಸ್ವಂತ ಮನೆಯ ಟಿ.ವಿ. ರಿಮೋಟಿನ ಮೇಲೂ ಖಾಯಂ ಹಕ್ಕಿಲ್ಲದವನಿಗೆ ಒಂದು ಇಡೀ ದೇಶ ಕೊಟ್ಟ ಬಿರುದು ಅದು.) "ಫೋನಲ್ಲೇ ಡಿಜಿಟಲ್ ಕಾರ್ಡ್ ಇದೆಯಲ್ರೀ, ನೀಲಿ ಕಾರ್ಡನ್ನ ಬೀರುವಲ್ಲಿಡಿ" ಅಂತ ನನ್ನ ಹೆಂಡತಿ ಜ್ಯೋತ್ಸ್ನಾ ಎಷ್ಟು ಬಡಕೊಂಡರೂ ನಾನು ಅದನ್ನು ಶರ್ಟಿನ ಜೇಬಿನಲ್ಲಿ, ಹೃದಯಕ್ಕೆ ಹತ್ತಿರವಾಗಿ ಇಟ್ಟುಕೊಂಡು ತಿರುಗುತ್ತಿದ್ದೆ. ತಂಜಾಂಗ್ ಪಗಾರ್‌ನ ಆಫೀಸಿನಲ್ಲಿ ಒಂದು ಬೆಳಿಗ್ಗೆ ಪೆನ್ನಿಗಾಗಿ ಕೈ ಹಾಕಿದರೆ ಜೇಬಿನಲ್ಲಿ ಪೆನ್ನಿತ್ತು, ಹೃದಯ ಬಡಿದುಕೊಳ್ಳುತ್ತಿತ್ತು. ನಡುವೆ ಇರಬೇಕಾದ್ದು ಇರಲಿಲ್ಲ.

ಸಂಜೆ ನಮ್ಮ ಮನೆಯಿರುವ ವುಡ್‌ಲ್ಯಾಂಡ್ಸ್‌ಗೆ ವಾಪಸ್ ಬಂದವನೇ ಹುಡುಕಾಟ ಶುರು ಮಾಡಿದೆ. ಲಿಫ್ಟು, ವಾಯ್ಡ್ ಡೆಕ್ ಅನ್ನುವ ಕಟ್ಟಡದ ಕೆಳಗಿನ ಬಯಲು ಜಗಲಿ, ಬಸ್ ಸ್ಟಾಪು, ಎಲ್ಲ ಆಯಿತು. ಕೊನೆಗೆ ನಾನು ದಿನಾ ಬೆಳಿಗ್ಗೆ ಕಾಫಿ ಕುಡಿಯುವ ನಮ್ಮ ಬ್ಲಾಕಿನ ಕೆಳಗಿನ ಅಂಗಡಿಗೆ ಹೋದೆ. ಅಲ್ಲಿನ ಚೀನೀ ಆಂಟಿಗೆ ನನ್ನ ಹೆಸರು ಗೊತ್ತಿಲ್ಲ, ಸಕ್ಕರೆ ಕಮ್ಮಿ ಅಂಕಲ್ ಅಂತಷ್ಟೇ ಗುರುತು.

"ಆಂಟಿ, ಮೈ ಕಾರ್ಡ್ ಲಾಸ್ಟ್. ಯೂ ಸೀ?"

"ಯುವರ್ ಕಾರ್ಡ್ ನೋ ಲಾ ಅಂಕಲ್. ಒನ್ ಕಾರ್ಡ್ ಗಾಟ್, ಬಟ್ ಯಂಗ್ ಬಾಯ್ ಒನ್. ವೆರಿ ಹ್ಯಾಂಡ್ಸಮ್. ಐ ವೇಟ್, ಹೀ ನೆವರ್ ಕಮ್."

ಆ ಅಪರಿಚಿತ ಹುಡುಗನ ಬೇಜವಾಬ್ದಾರಿಗೆ ನನ್ನ ಮನಸ್ಸು ನೊಂದಿತು. ಈಗಿನ ಯುವಜನಾಂಗಕ್ಕೆ ತಮ್ಮ ವಸ್ತುಗಳ ಮೇಲೆ ಗಮನವೇ ಇಲ್ಲ, ಅಂತ ಆಂಟಿಗೆ ಒಂದು ಸಣ್ಣ ಭಾಷಣ ಬಿಗಿದೆ. ಆಂಟಿ ಹೌದೆಂದರು. ಇಬ್ಬರೂ ಯುವಜನಾಂಗದ ಬಗ್ಗೆ ನಿಟ್ಟುಸಿರು ಬಿಟ್ಟು ಬೀಳ್ಕೊಂಡೆವು.

ಮನೆಗೆ ಬಂದು ಜ್ಯೋತ್ಸ್ನಾಳನ್ನು ಅಡಿಗೆಮನೆಯ ಮೂಲೆಗೆ ಕರೆದು ಪಿಸುಗುಟ್ಟಿದೆ. ಅವಳು ಕೂಗಾಡಲಿಲ್ಲ. (ಕೂಗಾಡಿದ್ದರೆ ಸಮಾಧಾನವಾಗುತ್ತಿತ್ತು.)

"ಒಂದು ದಿನ ತಡೀರಿ. ಈ ಊರಲ್ಲಿ ಬಿದ್ದದ್ದು ಸಿಗುತ್ತೆ."

"ತಡೆಯೋದಾ? ಯಾರೋ ದುರುಪಯೋಗ ಮಾಡ್ಕೊಂಡ್ರೆ? ಸಿಸ್ಟಮ್ ಅಂತ ಯಾಕಿದೆ?" ಅಂತ ನಾನು ಅಲ್ಲೇ ಫೋನಿನಲ್ಲಿ ಕಾರ್ಡು ಕಳೆದಿದೆ ಎಂದು ವರದಿ ಒಪ್ಪಿಸಿ, ಹೊಸದಕ್ಕೆ ಅರ್ಜಿಯನ್ನೂ ತೆರೆದೆ. ಎಷ್ಟು ಸಲೀಸು! ಕ್ಯೂ ಇಲ್ಲ, ನಾಳೆ ಬನ್ನಿ ಅನ್ನೋರಿಲ್ಲ. ಒಂದೇ ಷರತ್ತು, ಹೊಸ ಫೋಟೊ ಬೇಕು. "ಆದ್ರೆ ಅತ್ತೆಗೆ ಮಾತ್ರ ಗೊತ್ತಾಗಬಾರದು ಕಣೆ. ಮಾನ ಹೋಗುತ್ತೆ."

ಮಾರನೆಯ ಬೆಳಿಗ್ಗೆ ನನ್ನನ್ನು ನಡುಮನೆಯ ಬಿಳಿ ಗೋಡೆಗೆ ಒರಗಿಸಿ ಜ್ಯೋತ್ಸ್ನಾ ಫೋಟೊ ತೆಗೆಯಲು ನಿಂತಳು.

"ಗದ್ದ ಕೆಳಗೆ ಮಾಡ್ರೀ... ಅಯ್ಯೋ ಬೇಡ, ಮೇಲೆ ಮಾಡಿ. ತಲೆ ಮೇಲೆ ಟ್ಯೂಬ್‌ಲೈಟ್ ಕಾಣಿಸ್ತಿದೆ."

ಸರಿಯಾಗಿ ಆಗಲೇ ಅತ್ತೆ ಪೂಜೆ ಮುಗಿಸಿ ಬಂದರು. "ಏನಿದು ಬೆಳಬೆಳಿಗ್ಗೆ? ಅಳಿಯಂದಿರಿಗೆ ಇನ್ನೊಂದು ಸಂಬಂಧ ನೋಡ್ತಿದೀಯೇನೆ?"

ಮಗಳು ವರ್ಣಿಕಾ ದೋಸೆ ತಿನ್ನುತ್ತಲೇ, ಇಲ್ಲಿನವರ ಹಾಗೆ ಮಾತಿನ ಬಾಲಕ್ಕೊಂದು 'ಲಾ' ಅಂಟಿಸಿ, ಮನೆತನದ ಗುಟ್ಟನ್ನು ಬಿಚ್ಚಿಟ್ಟಳು. "ಅಪ್ಪ ಐಸಿ ಕಾರ್ಡ್ ಕಳ್ಕೊಂಡ್ರು ಲಾ, ಅಜ್ಜಿ."

ನಾನು ನನ್ನದೇ ಉಪದೇಶವನ್ನು ವಾಪಸ್ ಕೇಳಿಸಿಕೊಳ್ಳಲು ಸಿದ್ಧನಾಗಿ ಕಣ್ಣು ಮುಚ್ಚಿದೆ. ಆದರೆ ಅತ್ತೆ ಸೆರಗು ಸಿಕ್ಕಿಸಿ, ಚಪ್ಪಲಿ ಮೆಟ್ಟಿ, "ನಡೀರಿ ಕೆಳಗೆ" ಅಂದರು. ಜ್ಯೋತ್ಸ್ನಾ, ವರ್ಣಿಕಾ, ನಾನು ಮೂವರೂ ಹಿಂಬಾಲಿಸಿದೆವು.

ಕೆಳಗೆ ಹೋದ ಮೇಲೆ ನನಗೆ ತಿಳಿದದ್ದು, ಒಬ್ಬರೇ ಇಳಿಯಬೇಡಿ ಎಂದಿದ್ದ ನನ್ನ ಅಪ್ಪಣೆ ಎಂದೋ ಗಾಳಿಗೆ ಹೋಗಿತ್ತು ಅಂತ. ಬೆಂಚಿನ ಮೇಲಿದ್ದ ಮಲಯ್ ಅಜ್ಜಿ ನಮ್ಮತ್ತೆಗೆ ಕೈಬೀಸಿದರು. ಹಣ್ಣಿನ ಅಂಗಡಿಯಾತ ನಮಸ್ಕಾರ ಮಾಡಿದ. ಇಷ್ಟು ವರ್ಷ ಈ ಬ್ಲಾಕಿನಲ್ಲಿದ್ದು ನಾನು ಸಂಪಾದಿಸಿದ್ದು ಲಿಫ್ಟಿನೊಳಗೆ ಎರಡು ಮುಗುಳ್ನಗೆ. ಇವರು ಸಂತೆಯನ್ನೇ ಸಂಪಾದಿಸಿದ್ದರು! ನನ್ನ ಹೊಟ್ಟೆ ಉರಿಯಲಿಲ್ಲ, ನಿಜವಾಗಿಯೂ ಹೆಮ್ಮೆಯೇ ಆಯಿತು.

ಕಾಫಿ ಆಂಟಿಯಂತೂ "ಅಮ್ಮಾ!" ಅಂತ ಕುರ್ಚಿ ಎಳೆದು ಹಾಕಿದರು. ಅತ್ತೆ ಅಚ್ಚ ಮೈಸೂರು ಕನ್ನಡದಲ್ಲಿ ಶುರು ಮಾಡಿದರು. "ನೋಡಮ್ಮ, ಇವರು ನಮ್ಮ ಅಳಿಯ. ಇಷ್ಟುದ್ದ, ಇಷ್ಟಗಲ, ನೀಲಿ ಕಾರ್ಡು. ಎಲ್ಲೋ ಬೀಳಿಸ್ಕೊಂಡಿದಾರೆ." ಆಂಟಿ ಚೀನೀ ಭಾಷೆಯಲ್ಲಿ ಏನೋ ಅಂದರು. ಅತ್ತೆ "ಅದೇ ಮತ್ತೆ!" ಅಂದರು. ಇಬ್ಬರ ನಡುವೆ ದುಭಾಷಿಯಾಗಲು ಹೋದ ನನ್ನನ್ನು ಇಬ್ಬರೂ ಸುಮ್ಮನಿರು ಅಂತ ಕೈಮಾಡಿ ಕೂರಿಸಿದರು.

ಆಂಟಿ ಡ್ರಾಯರ್ ಎಳೆದು ಒಂದು ಕಾರ್ಡು ತೆಗೆದರು. "ಅಮ್ಮಾ, ದಿಸ್ ಒನ್ ನಾಟ್ ಹಿಮ್."

ಅತ್ತೆ ಕನ್ನಡಕ ಏರಿಸಿ ಕಾರ್ಡು ನೋಡಿದರು. ನನ್ನನ್ನು ನೋಡಿದರು. ಮತ್ತೆ ಕಾರ್ಡು ನೋಡಿದರು.

"ಅಯ್ಯೋ, ಇವರೇ ಕಣಮ್ಮ! ಹೆಣ್ಣು ನೋಡೋಕೆ ಬಂದಾಗ ಹೀಗೇ ಇದ್ರು!"

ಇಣುಕಿದೆ. ಹೌದು, ನಾನೇ. ಹಣೆಯ ಮೇಲೆ ಇಳಿಬಿದ್ದ ದಟ್ಟವಾದ ಕೂದಲು, ಚೂಪು ಗದ್ದ, ಜಗತ್ತನ್ನೇ ಗೆಲ್ಲುವ ನಗೆ. ನಾನು ಮರುಗಿದ ಆ ಬೇಜವಾಬ್ದಾರಿ ಹುಡುಗ!

ಆಂಟಿ ನಂಬಲಿಲ್ಲ. "ನೋ ಲಾ ಅಮ್ಮಾ, ನೋ ಲಾ."

ಅತ್ತೆಯವರ ಪ್ರತಿಭೆ ಬೆಳಗಿದ್ದು ಆಗ. ವರ್ಣಿಕಾಳನ್ನು ನನ್ನ ಪಕ್ಕಕ್ಕೆ ಎಳೆದು, ಅವಳ ಜಡೆಯನ್ನೆತ್ತಿ ನನ್ನ ಬೋಳು ಹಣೆಗೆ ಅಡ್ಡವಾಗಿ ಹಾಸಿದರು. ಇನ್ನೊಂದು ಕೈಯಿಂದ ನನ್ನ ಎರಡನೇ ಗದ್ದವನ್ನು ಒತ್ತಿ ಮರೆಮಾಡಿದರು. "ಈಗ ನೋಡಮ್ಮ."

ಆಂಟಿ ಬಗ್ಗಿ ನೋಡಿದರು. ಪಕ್ಕದ ಮೇಜಿನವರೂ ಎದ್ದು ಬಂದು ನೋಡಿದರು.

"ಅಯ್ಯೋಯ್ಯೋ! ಅಂಕಲ್! ವಾಟ್ ಹ್ಯಾಪನ್?"

ಇದಕ್ಕೆ ಯಾವ ಭಾಷೆಯಲ್ಲಿ ತಾನೇ ಉತ್ತರ ಕೊಡಲಿ? ಆಂಟಿ ಕಾರ್ಡನ್ನು ನನ್ನ ಕೈಗೆ ಕೊಡದೆ, ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ಒಪ್ಪಿಸಿದರು.

"ಅತ್ತೆ, ನೀವು ನಿಜಕ್ಕೂ ಗ್ರೇಟ್" ಅಂದೆ, ಮನಸಾರೆ.

"ಅದಿರಲಿ ರೀ" ಅಂದಳು ಜ್ಯೋತ್ಸ್ನಾ, ಮೆತ್ತಗೆ. "ನಿನ್ನೇನೇ ರಿಪೋರ್ಟ್ ಮಾಡಿಬಿಟ್ರಲ್ಲ, ಈಗ ಇದು ಸಿಕ್ಕರೂ ನಡೆಯಲ್ಲ. ಇಮಿಗ್ರೇಶನ್ ಆಫೀಸಿಗೆ ವಾಪಸ್ ಕೊಡಬೇಕು."

ಅಲ್ಲಿಗೆ ನನ್ನ ಸಿಸ್ಟಮ್ ಪ್ರೇಮ ನನ್ನ ಕೊರಳಿಗೇ ಸುತ್ತಿಕೊಂಡಿತ್ತು. ಅವಳು ಅಮ್ಮನ ಕೈಯಿಂದ ಕಾರ್ಡು ತೆಗೆದುಕೊಂಡು ಅದನ್ನೇ ನೋಡುತ್ತಾ ನಿಂತಳು. ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದ ಹಾಗೆ ನೋಡುತ್ತಿದ್ದಳು. ಕಾರ್ಡನ್ನು.

"ಬೇಜಾರು ಮಾಡ್ಕೋಬೇಡ ಕಣೆ" ಅಂದೆ. "ಹೊಸ ಕಾರ್ಡು ಬರುತ್ತೆ."

"ಕಾರ್ಡು ಬರುತ್ತೆ ರೀ. ಇವನು ಕಳೆದುಹೋಗಿದ್ದೇ ನನಗೆ ಗೊತ್ತಾಗಿರಲಿಲ್ಲ. ಇವನಿಗೆ ರಿಪ್ಲೇಸ್‌ಮೆಂಟ್ ಎಲ್ಲಿ ಸಿಗುತ್ತೆ?"

ವರ್ಣಿಕಾ ತನ್ನ ಜಡೆಯನ್ನು ನನ್ನ ತಲೆಯ ಮೇಲಿಂದ ಬಿಡಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ರಿಪ್ಲೇಸ್‌ಮೆಂಟ್ ಆಲ್ರೆಡಿ ಬಂದಿದೆ ಲಾ, ಅಮ್ಮ. ಇದೇ."