ದಿಂಬಂ ಘಾಟಿಯ ಧೈರ್ಯಶಾಲಿಗಳು

ಬಸ್ಸು ಪೆಟ್ರೋಲಿನಿಂದ ಓಡುತ್ತದೆ ಎಂದು ನಂಬಿರುವವರು ನಮ್ಮ ಬಸ್ಸನ್ನು ಹತ್ತಿದವರಲ್ಲ. ಐವತ್ತರ ದಶಕದಲ್ಲಿ ನಾನು ಸತ್ಯಮಂಗಲದಿಂದ ತಾಳವಾಡಿಗೆ ಹೋಗುವ ಬಸ್ಸೊಂದರ ಕಂಡಕ್ಟರ್. ಬೆಟ್ಟದ ಬುಡ ಬಿಟ್ಟ ಮೇಲೆ ಅದನ್ನು ಓಡಿಸುತ್ತಿದ್ದದ್ದು ಮನುಷ್ಯರ ಜಂಬ, ನಾಚಿಕೆ, ಹೆದರಿಕೆ. ಪೆಟ್ರೋಲು ಹೆಸರಿಗಷ್ಟೇ. ಇದಕ್ಕೆ ಸಾಕ್ಷಿ ಹೇಳುವ ಪ್ರಸಂಗಗಳು ಒಂದಲ್ಲ ಒಂದು ನಡೆಯುತ್ತಲೇ ಇದ್ದವು. ನಗು ಬರುತ್ತಿದ್ದದ್ದು ಮಾತ್ರ ಊರು ಸೇರಿದ ಮೇಲೆ. ದಾರಿಯಲ್ಲಿ ಜೀವ ಬಾಯಿಗೆ ಬಂದಿರುತ್ತಿತ್ತು.

ಬಲ ಇರುವವರು

ಒಂದು ದಿನ ಕಡಿದಾದ ತಿರುವಿನಲ್ಲಿ ಬಸ್ಸು ಏದುಸಿರು ಬಿಟ್ಟು ನಿಂತುಬಿಟ್ಟಿತು. ನಾನು ಹಾರಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಕಲ್ಲು ಕರಕರ ಎನ್ನುತ್ತಿತ್ತು. ಅದರ ಹಿಂದೆ ರಸ್ತೆ, ರಸ್ತೆಯ ಹಿಂದೆ ಕಣಿವೆ. ಭಾರ ಇಳಿಯದೆ ಬಸ್ಸು ಮೇಲೇರುವಂತಿರಲಿಲ್ಲ.

"ಎಲ್ಲಾರೂ ಇಳೀರಪ್ಪಾ, ಬಸ್ಸು ಇಂದಕ್ಕೆ ಜಾರ್ತದೆ" ಎಂದು ಕೂಗಿದೆ. ಒಬ್ಬನೂ ಅಲುಗಲಿಲ್ಲ. ಮುಂದಿನ ಸೀಟಿನಲ್ಲಿದ್ದ ಜಮೀನುದಾರರು ಮೀಸೆ ನೀವಿಕೊಂಡು, "ಟಿಕೀಟು ತಕ್ಕಂಡಿರೋದು ನಡ್ಯಾಕಾ?" ಎಂದರು. ಅವರು ಇಳಿಯದೆ ಉಳಿದವರು ಇಳಿಯುವರೇ? ಪ್ರಾಣ ಹೋದರೂ ಸರಿ, ಪಕ್ಕದವನಿಗಿಂತ ಮೊದಲು ಏಳಬಾರದು ಎಂದು ಎಲ್ಲರೂ ಪಟ್ಟು ಹಿಡಿದು ಕೂತಿದ್ದರು.

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಪಿಸುಗುಟ್ಟಿದ: "ಕಂಡಕ್ಟರಣ್ಣ, ಎದರ್ಸಬ್ಯಾಡ. ಬಲ ಇರೋರು ಮಾತ್ರ ಇಳೀಲಿ ಅನ್ನು."

ನಾನು ಗಂಟಲು ಸರಿಮಾಡಿಕೊಂಡು, "ಬಸ್ಸು ತಳ್ಳೋಷ್ಟು ಬಲ ಇರೋ ಗಂಡಸ್ರು ಇದ್ರೆ ಇಳೀರಿ. ಇಲ್ದೋರು ಎಂಗಸ್ರ ಜತೇಲಿ ಅಂಗೇ ಕೂತಿರ್ಲಿ" ಎಂದೆ.

ಬಾಗಿಲಲ್ಲಿ ನೂಕುನುಗ್ಗಲು. ಮೊದಲು ಇಳಿದವರು ಜಮೀನುದಾರರೇ. ಕೊನೆಗೆ ಊರುಗೋಲಿನ ಮುದುಕರೊಬ್ಬರನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು. ಹಗುರಾದ ಬಸ್ಸು ಗುರ್ ಎಂದು ಏರಿತು. ಏರಿನಲ್ಲಿ ನಿಲ್ಲಿಸಲು ಧೈರ್ಯವಿಲ್ಲದೆ ಡ್ರೈವರ್ ಹೆಂಗಸರೊಂದಿಗೆ ಘಾಟಿಯ ತುದಿಯಲ್ಲಿರುವ ದಿಂಬಂ ಟೀ ಅಂಗಡಿಗೇ ಹೋಗಿಬಿಟ್ಟ. ಬಲ ಇದ್ದವರೆಲ್ಲ ಅಲ್ಲಿಯವರೆಗೆ ನಡೆದೆವು.

ಎಲ್ಲರಿಗಿಂತ ಹಿಂದೆ ಬಂದ ಮುದುಕರು ಟೀ ಲೋಟ ಹಿಡಿದು ನನ್ನನ್ನು ಗದರಿಸಿದರು: "ನಾನೊಬ್ಬ ಕೈ ಕೊಡ್ದಿದ್ರೆ ನಿಮ್ ಬಸ್ಸು ಅಲ್ಲೇ ತುಕ್ಕಿಡೀತಿತ್ತು ಕಣ್ಲಾ!" ಅವರು ಕೈ ಕೊಟ್ಟದ್ದು ನಿಜ. ಬಸ್ಸಿಗಲ್ಲ, ನನ್ನ ಹೆಗಲಿಗೆ.

ದಾರಿ ಬಿಡದ ಬಂಡೆ

ಬೇರೆಯವರ ಮನಸ್ಸನ್ನು ಹೀಗೆ ಬಲ್ಲ ನಮ್ಮ ಡ್ರೈವರ್‌ಗೆ ತನ್ನ ಮನಸ್ಸೇ ಕೈಕೊಟ್ಟಿತು. ಒಂದು ಸಂಜೆ ಒಂಟಿ ಆನೆಯೊಂದು ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿಬಂತು. ಬಸ್ಸಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ದಿಂಬಂ ದಾಟಿ ಕಾಡು ಶುರುವಾಯಿತೆಂದರೆ ಪೊದೆ ಅಲುಗಿದರೂ ಅವನ ಕಾಲು ಬ್ರೇಕಿಗೆ ಹೋಗುತ್ತಿತ್ತು.

ಅಂಥದ್ದೊಂದು ಬೆಳಿಗ್ಗೆ, ಎದುರು ಏನೂ ಕಾಣದ ಮಂಜಿನಲ್ಲಿ, ಅವನು ಗಕ್ಕನೆ ಬ್ರೇಕು ಹಾಕಿ ಇಂಜಿನ್ ಆರಿಸಿದ. "ನಿಂತದೆ" ಎಂದ. ಅಷ್ಟೇ. ರಸ್ತೆ ಪಕ್ಕದಲ್ಲಿ ಕಪ್ಪಗೆ, ದುಂಡಗೆ, ದೊಡ್ಡದೇನೋ ನಿಂತಿತ್ತು. ತಾಯೊಬ್ಬಳು ಮಗುವಿನ ಬಾಯಿ ಮುಚ್ಚಿದಳು. ಹಿಂದಿನ ಸೀಟಿನವರು ಕೈಮುಗಿದು, "ಸಾಮಿ, ದಾರಿ ಬುಡಪ್ಪಾ, ಕಾಯಿ ಒಡಿಸ್ತೀನಿ" ಎಂದು ಹರಕೆ ಹೊತ್ತರು. "ಕಿವಿ ಅಲ್ಲಾಡಿಸ್ತು" ಎಂದು ಒಬ್ಬ, "ನಮ್ ಕಡೀಕೇ ತಿರುಗ್ತು" ಎಂದು ಇನ್ನೊಬ್ಬ. ನನ್ನ ಕಣ್ಣಿಗೂ ಸೊಂಡಿಲು ಕಂಡಿತು; ಸುಳ್ಳೇಕೆ ಹೇಳಲಿ.

ಎಷ್ಟೋ ಹೊತ್ತಿನ ಮೇಲೆ ದನ ಕಾಯುವವನೊಬ್ಬ ಮಂಜಿನೊಳಗಿಂದ ಬಂದ. ನಾವು ಕೂಗಲೂ ಆಗದೆ ಕೈಸನ್ನೆ ಮಾಡುತ್ತಿದ್ದಂತೆ ನೆಟ್ಟಗೆ ಹೋಗಿ ಆನೆಯ ಮೇಲೆ ಹತ್ತಿ ಕೂತು ಬೀಡಿ ಹಚ್ಚಿದ.

ಅದು ನಾವು ದಿನಾ ನೋಡುವ ಬಂಡೆ.

"ಯಾಕ್ರಪ್ಪಾ, ಬಸ್ಸು ಕೆಟ್ಟೋಯ್ತಾ?" ಎಂದು ಕೇಳಿದ.

"ಇಲ್ಲ ಕಣಣ್ಣ" ಎಂದ ಡ್ರೈವರ್, ಬೆವರು ಒರೆಸಿಕೊಳ್ಳುತ್ತಾ, "ಇಂಜಿನ್ನು ಕಾದದೆ."

ಮಾತು ಬಸ್ಸಿನ ಯಜಮಾನರಾದ ಮೊದಲಾಳಿಯ ಕಿವಿಗೆ ಬಿತ್ತು. ಇನ್ನೊಂದು ಸಲ ಸುಮ್ಮಸುಮ್ಮನೆ ಕಾಡಿನಲ್ಲಿ ನಿಲ್ಲಿಸಿದರೆ ಸ್ಟೇರಿಂಗ್ ಕಿತ್ತುಕೊಂಡು ಕೈಗೆ ಬಕೀಟು ಕೊಡುತ್ತೇನೆ, ಶೆಡ್ಡಿನಲ್ಲಿ ಬಸ್ಸು ತೊಳೆಯುತ್ತಾ ಬಿದ್ದಿರು ಎಂದರಂತೆ.

ಡ್ರೈವರ್ ನನ್ನ ಹತ್ತಿರ ಬಂದು ಕಣ್ಣು ತುಂಬಿಕೊಂಡ. "ಡ್ರೈವರ್ ಎಂಡ್ತಿ ಅಂತ ಊರೆಲ್ಲ ಮೆರೀತಾವ್ಳೆ ಕಣಣ್ಣ. ಬಸುರಿ ಬ್ಯಾರೆ. ಬಸ್ಸು ತೊಳಿಯೋನು ನಿನ್ ಗಂಡ ಅಂತ ಅವ್ಳಿಗೆ ಎಂಗೆ ಏಳ್ಲಿ?" ನನಗೆ ನಿಜಕ್ಕೂ ಸಂಕಟವಾಯಿತು. ಬಂಡೆಯ ನೆನಪು ಬಂದು ನಗುವೂ ಬಂತು. ಎರಡನ್ನೂ ಒಟ್ಟಿಗೆ ತಡೆದುಕೊಳ್ಳುವುದು ಬಹಳ ಕಷ್ಟ.

ಬಸುರಿಯ ಹಣ್ಣು

ಕೆಲವು ದಿನ ಕಳೆದ ಮೇಲೆ ಡ್ರೈವರ್‌ನ ಅಜ್ಜಿ ಸತ್ಯಮಂಗಲದಲ್ಲಿ ಬಸ್ಸು ಹತ್ತಿದರು. ತೊಡೆಯ ಮೇಲೆ ಗೋಣಿಚೀಲ, ಚೀಲದಲ್ಲಿ ಮಾಗಿದ ಹಲಸಿನಹಣ್ಣು. ಮೊಮ್ಮಗನ ಹೆಂಡತಿ ಹಲಸು ಬೇಕೆಂದು ಬಯಸಿದ್ದಳಂತೆ. ವಾಸನೆ ಬಸ್ಸಿನ ತುಂಬ ಹರಡಿತ್ತು.

ದಿಂಬಂ ದಾಟಿ ಕಾಡಿಗೆ ಬಂದೆವು. ಅಂದು ಮಂಜಿರಲಿಲ್ಲ, ಬಿಸಿಲು ಚೆನ್ನಾಗಿತ್ತು. ತಿರುವಿನಲ್ಲಿ ನಿಂತಿದ್ದದ್ದು ಬಂಡೆಯೂ ಆಗಿರಲಿಲ್ಲ.

ಬ್ರೇಕು ಬಿತ್ತು, ಇಂಜಿನ್ ಆರಿತು. ನಮ್ಮ ಬಸ್ಸನ್ನು ಮತ್ತೆ ಹೊರಡಿಸಬೇಕಾದರೆ ಕೆಳಗಿಳಿದು, ಎದುರು ನಿಂತು, ಹ್ಯಾಂಡಲ್ ಹಾಕಿ ತಿರುಗಿಸಬೇಕು. ಹ್ಯಾಂಡಲನ್ನು ಬೇರೆ ಯಾರೂ ಮುಟ್ಟಕೂಡದು ಎಂದು ಡ್ರೈವರ್ ಮೊದಲಿನಿಂದಲೂ ಜಂಬ ಕೊಚ್ಚಿದ್ದ. ಈಗ ಅದನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ನೀಡಿದ. "ಅಣ್ಣ, ನೀನೇ ತಿರುಗ್ಸು."

"ನಂದು ಟಿಕೀಟು ಕೊಡೋ ಕೆಲಸ" ಎಂದೆ.

ಆನೆ ಗಾಳಿ ಮೂಸಿತು. ನಿಧಾನವಾಗಿ ಬಸ್ಸಿನ ಪಕ್ಕಕ್ಕೆ ಬಂತು. ಅಜ್ಜಿಯ ಕಿಟಕಿಯ ಹತ್ತಿರ ನಿಂತಿತು.

"ಅಜ್ಜಿ, ಅಣ್ಣು ಎಸ್ದುಬುಡು!" ಡ್ರೈವರ್‌ನ ದನಿ ಒಡೆದಿತ್ತು.

"ಎಸ್ಯಾಕೆ ನಿಮ್ಮಪ್ಪ ತಂದಿದ್ನಾ? ನಿನ್ ಎಂಡ್ತಿ ಬಯಕೆ ಕಣ್ಲಾ ಇದು! ತೀರ್ದಿದ್ರೆ ಕೂಸಿಗೆ ಕಿವಿ ಸೋರ್ತದೆ!"

ಸೊಂಡಿಲು ಕಿಟಕಿಯೊಳಗೆ ಬಂತು. ಅದು ಅಜ್ಜಿಯ ಹೆಗಲು ಸವರಿ, ಚೀಲದ ಬಾಯಿ ಹುಡುಕತೊಡಗಿತು. ಅಜ್ಜಿ ಚೀಲವನ್ನು ಸೀಟಿನ ಕೆಳಕ್ಕೆ ನೂಕಿ, ಸೊಂಡಿಲಿನ ಮೇಲೆ ಫಟ್ಟನೆ ಒಂದು ಬಾರಿಸಿದರು.

"ಬಸುರಿ ಎಂಗಸಿನ ಅಣ್ಣಿಗೆ ಕೈ ಆಕ್ತೀಯಾ? ನಾಚ್ಕೆ ಆಗಾಕಿಲ್ವಾ ನಿಂಗೆ?"

ಸೊಂಡಿಲು ಹೊರಕ್ಕೆ ಹೋಯಿತು. ಆನೆ ಕಿವಿ ಅಗಲಿಸಿತು. ಮುಂದೇನು ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

"ನಮ್ಮಜ್ಜಿ ಮುಟ್ದೆ ಅಂದ್ರೆ ನೋಡು!" ಎಂಬ ಕೂಗು ಕೇಳಿ ಕಣ್ಣು ಬಿಟ್ಟರೆ ಡ್ರೈವರ್ ಸೀಟಿನಲ್ಲಿಲ್ಲ. ಬಸ್ಸಿನ ಎದುರು ಬಾಗಿದ್ದಾನೆ. ಬೇರೆ ದಿನ ತಿರುಗಿಸಿ ತಿರುಗಿಸಿ ತೋಳು ಸೋತರೂ ಕೆಮ್ಮದ ಇಂಜಿನ್, ಅಂದು ಒಂದೇ ಸುತ್ತಿಗೆ ಡರ್ ಎಂದು ಗುಡುಗಿತು. ಆನೆ ಬೆಚ್ಚಿ ಪೊದೆಯೊಳಕ್ಕೆ ನುಗ್ಗಿತು. ಡ್ರೈವರ್ ಹಾರಿ ಕೂತವನು ತಾಳವಾಡಿಯವರೆಗೆ ಎಲ್ಲೂ ನಿಲ್ಲಿಸಲಿಲ್ಲ. ನಡುವಿನಲ್ಲಿ ಇಳಿಯಬೇಕಾದವರೂ ಅಲ್ಲೇ ಬಂದು ಇಳಿದರು.

ಇಳಿದವರ ಬಾಯಿಂದ ಸುದ್ದಿ ಕೇಳಿ ತಾಳವಾಡಿಯಲ್ಲಿ ಮೊದಲಾಳಿಯೇ ಬಂದು ಅವನ ಬೆನ್ನು ತಟ್ಟಿ, ಇನ್ನು ಈ ಸ್ಟೇರಿಂಗ್ ನಿನ್ನದೇ ಎಂದರು. ಅವನ ಎದೆ ಉಬ್ಬಿದ್ದನ್ನು ಕಂಡು ನನಗೂ ಸಂತೋಷವಾಯಿತು. ಹಣ್ಣು ಹೊತ್ತು ಅವನ ಮನೆಗೆ ಹೋದೆವು. ಅಜ್ಜಿ ನಡೆದದ್ದನ್ನೆಲ್ಲ ಕೈಬಾಯಿ ತಿರುಗಿಸಿ ಹೇಳಿದರು.

ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಅಯ್ಯೋ, ಅಲಸಿನಣ್ಣಾ? ಆ ಬಯಕೆ ಓಗಿ ಬಾಳ ದಿನ ಆಯ್ತು. ಈಗ ಅದ್ರ ವಾಸ್ನೆ ಕಂಡ್ರೇ ಒಟ್ಟೆ ತೊಳಿಸ್ತದೆ."

"ಓಗ್ಲಿ ಬುಡು. ಈಗ ಏನ್ ಬೇಕು ಏಳು, ತಂದ್ಕೊಡ್ತೀನಿ" ಎಂದ ಡ್ರೈವರ್, ಇನ್ನೂ ಉಬ್ಬಿದ ಎದೆಯಲ್ಲೇ.

ಅವಳು ನಾಚಿಕೊಂಡು ನೆಲ ನೋಡಿದಳು. "ಉಟ್ಟೋ ಕೂಸು ಎದರ್ಕೊಳ್ದೆ ಇರ್ಲಿ ಅಂತ ಕೈಗೆ ಕಟ್ತಾರಲ್ಲ, ಆನೆ ಬಾಲದ ಕೂದ್ಲು? ಎಂಗೂ ನಿಮ್ಗೆ ಎದರ್ಕೆ ಓಯ್ತಲ್ಲ. ನಾಳೆ ಬರುವಾಗ ಒಂದು ಕಿತ್ಕೊಂಡು ಬನ್ನಿ."

ಡ್ರೈವರ್ ಹಲಸಿನಹಣ್ಣನ್ನು ಮೆಲ್ಲಗೆ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಕಂಡಕ್ಟರಣ್ಣ, ಆ ಬಕೀಟು ಇನ್ನೂ ಶೆಡ್ಡಲ್ಲೇ ಅದಾ?"