ಗೆರೆ ಕಾಯುವ ಮಾವ

ನಮ್ಮ ಸೋದರಮಾವನಿಗೆ ಟಾಕಿಯಲ್ಲಿ ನೀರಿದ್ದರೆ ಸಾಲದು. ನೀರಿದೆಯೆಂದು ಗೆರೆಯೂ ಒಪ್ಪಬೇಕು!

ಹುಮನಾಬಾದಿನ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಬಾಯ್ಲರಿನ ಬಿಸಿ ಏರಿಳಿಯುವ ಗೆರೆಯನ್ನು ದಿನವಿಡೀ ಪರದೆಯ ಮೇಲೆ ಕಾಯುವುದೇ ಅವನ ನೌಕರಿ. ಕಾರ್ಖಾನೆ ಮುಚ್ಚಿತು. ಬಸವಕಲ್ಯಾಣದ ಮನೆಗೆ ಮರಳಿ ಮಂಕಾಗಿ ಕೂತ. ಕಾಯಲು ಗೆರೆಯೇ ಇಲ್ಲದ ಮೇಲೆ ಮನುಷ್ಯ ಏನು ಮಾಡಬೇಕು? ಹಳೇ ಕಂಪ್ಯೂಟರಿನಲ್ಲಿ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಕೋಡು ಬರೆಯುವ ರೀತಿ ಕಲಿತು, ಅಂಕಿಗಳಿಂದ ಚಿತ್ರ ಬರೆಯುವ ಸಿದ್ಧ ಕೋಡಿನ ಲೈಬ್ರರಿಯೊಂದನ್ನು ಹಿಡಿದು, ತಾನೇ ಗೆರೆ ಎಳೆಯತೊಡಗಿದ. ಟಾಕಿಯ ನೀರಿನದು, ಕರೆಂಟಿನದು, ಹೆಪ್ಪಿಟ್ಟ ಹಾಲಿನದೂ!

"ಹಳೇ ಗೆರಿ ತಿದ್ದಾಂಗಿಲ್ಲವಾ," ಎಂದು ನನಗೆ ಪಾಠ. "ಹೊಸಾ ಅಂಕಿ ಬಂತಂದ್ರ ಇಡೀ ಚಿತ್ರನ ಹೊಸದಾಗಿ ಬರೀಬೇಕು."

ಅಡುಗೆಮನೆಯಿಂದ ಅವನ ಹೆಂಡತಿ, ನಮ್ಮ ಅತ್ತಿ: "ನಾನೂ ದಿನಾ ಹೊಸಾ ರೊಟ್ಟಿನ ಬಡಿತೀನ್ರಿ. ನಿಮಗ ಒಂದಿನಾನೂ ಕಂಡಿಲ್ಲ!"

ಒಮ್ಮೆ ಅತ್ತಿ ಮೈತುಂಬ ಸೋಪು ಹಚ್ಚಿಕೊಂಡು ಬಚ್ಚಲಿನಿಂದ ಕೂಗಿದಳು, "ನೀರ ಬರವಲ್ದು ರೀ!"

"ಸುಳ್ಳು! ಗೆರಿ ಮ್ಯಾಲದ!"

ನೀರಿನ ಮಟ್ಟ ಕಂಪ್ಯೂಟರಿಗೆ ತಿಳಿಸಲೆಂದು ಟಾಕಿಯಲ್ಲಿ ತೇಲಬಿಟ್ಟ ಗುಂಡು ಮೇಲೆಯೇ ಸಿಕ್ಕಿಕೊಂಡಿತ್ತು, ಅಷ್ಟೇ. ಅತ್ತಿ ಕುಡಿಯುವ ನೀರಿನಲ್ಲೇ ಮೈ ತೊಳೆದು ಬಂದು, "ಇನ್ನ ಮ್ಯಾಲ ಜಳಕಾನೂ ಗೆರಿಗೇ ಮಾಡಸ್ರಿ!" ಎಂದಳು. ನಕ್ಕೆವು. ನಗುನಗುತ್ತ ಅವಳಿಗೆ ಉಸಿರು ಸಿಗದಾಯಿತು.

ಆ ಚಳಿಗಾಲ ಅವಳ ಉಬ್ಬಸ ಕೈಮೀರಿತು. ಹುಮನಾಬಾದಿನ ಡಾಕ್ಟರು ಮಾವನ ಹೆಗಲ ಮೇಲೆ ಕೈಯಿಟ್ಟು, "ಮನಿಗೇ ಕರಕೊಂಡು ಹೋಗ್ರಿ," ಎಂದರು. ಮನೆಗೆ ತಂದವನು ಮಾಡಿದ್ದೇನು? ಅತ್ತಿಯ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಸಿಕ್ಕಿಸಿ, ಅದನ್ನೂ ಕಂಪ್ಯೂಟರಿಗೆ ಜೋಡಿಸಿದ! ಮಂಚದತ್ತ ಬೆನ್ನು, ಪರದೆಯತ್ತ ಮುಖ. ಗೆರೆ ಕೊಂಚ ಜಗ್ಗಿದರೆ ಇವನ ಹೆಗಲೂ ಜಗ್ಗುತ್ತಿತ್ತು. ತಾಟಿನ ಅನ್ನ ಅಲ್ಲೇ ಆರುತ್ತಿತ್ತು.

"ರೀ, ಕುರ್ಚಿ ಈ ಕಡೆ ತಿರುವ್ರಿ," ಎಂದಳು ಅತ್ತಿ ಒಂದು ಮಧ್ಯಾಹ್ನ.

"ಗೆರಿ ಇಳದ್ರ ಹ್ಯಾಂಗ?"

"ಇಳದ್ರ ನಾನೇ ಹೇಳ್ತೀನಿ!"

ಮಾವ ಗೆರೆಯನ್ನು ಇನ್ನೊಮ್ಮೆ ನೋಡಿದ. ಆಮೇಲೆ ಪರದೆ ಆರಿಸಿ, ಕುರ್ಚಿ ತಿರುಗಿಸಿದ. ತಿರುಗಿಸಿದ ಮೇಲೆ ಏನು ಮಾಡಬೇಕೋ ತಿಳಿಯಲಿಲ್ಲ, ಪಾಪ! ಬಾಚಣಿಕೆ ತಂದು, ಸಿಕ್ಕುಗಟ್ಟಿದ ಅವಳ ಕೂದಲು ಬಿಡಿಸತೊಡಗಿದ.

"ಮೆಲ್ಲಕ ರೀ... ತಲಿ ನಂದದ."

ಅಂದಿನಿಂದ ದಿನವೂ ಅದೇ ಕೆಲಸ. ಅತ್ತಿ ಹೋದದ್ದೂ ಹಾಗೆಯೇ, ಒಂದು ಸಂಜೆ, ಅವನ ಎದೆಗೊರಗಿ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ನಮಗೆ ಗೊತ್ತಾಗಲಿಲ್ಲ. ಮಾವನಿಗೆ ಗೊತ್ತಾಗಿತ್ತು. ಹಾಕುತ್ತಿದ್ದ ಹೆರಳನ್ನು ಕೊನೆತನಕ ಹೆಣೆದು, ತುದಿಗೆ ರಿಬ್ಬನ್ನು ಕಟ್ಟಿ, ಆಮೇಲೆ ನಮ್ಮನ್ನು ಕರೆದ.